ರೆಸಿಡೆನ್ಷಿಯಲ್ ಪ್ರಾಕ್ಸಿ: ದುಬಾರಿ ಐಪಿ ತಗೊಂಡೆ, ಬಿಲ್ ಇಳಿಯಿತು

ರೆಸಿಡೆನ್ಷಿಯಲ್ ಪ್ರಾಕ್ಸಿ ಅಂದರೆ ಬೇರೆಯವರ ಮನೆಯ ಇಂಟರ್ನೆಟ್ ವಿಳಾಸದ (ಐಪಿ) ಮೂಲಕ ಸೈಟ್‌ಗಳಿಗೆ ಹೋಗುವುದು. ಹಾಗೆ ಹೋಗಿ ನಾನು ಆನ್‌ಲೈನ್ ಬೆಲೆ ಸಂಗ್ರಹಿಸುತ್ತೇನೆ. ಒಪ್ಪಿಗೆ ಕೊಟ್ಟವರ ಐಪಿ ಮಾತ್ರ, ಲಾಗಿನ್ ಬೇಡದ ಪುಟ ಮಾತ್ರ, ಅದೂ ನಿಧಾನಕ್ಕೆ. ಹೀಗೆ ಮಾಡಿದರೆ ಅಸಲೂ ಗಿಟ್ಟಲ್ಲ ಅಂತ ಇದೇ ಕೆಲಸದಲ್ಲಿರುವ ಗೆಳೆಯರು ಹೇಳಿದ್ದರು. ಈಗ ವರ್ಷದ ಮೇಲಾಯಿತು, ಚೆನ್ನಾಗಿಯೇ ಗಿಟ್ಟುತ್ತಿದೆ.

ಹಾವೇರಿ, ಗದಗ ಕಡೆ ಮೆಣಸಿನ ಪುಡಿ, ಮಸಾಲೆ ಮಾರುವವರಿಗೆ ನಾನು ಬೆಲೆ ವರದಿ ಕೊಡುತ್ತೇನೆ. ಬ್ಯಾಡಗಿ ಪುಡಿಯ 200 ಗ್ರಾಂ ಪೊಟ್ಟಣ ಯಾವ ಊರಲ್ಲಿ ಎಷ್ಟಕ್ಕೆ ಕಾಣಿಸುತ್ತಿದೆ ಅನ್ನುವ ಲೆಕ್ಕ. ಡೇಟಾ ಸೆಂಟರ್ ಐಪಿಯಿಂದ, ಅಂದರೆ ಬಾಡಿಗೆ ಸರ್ವರ್ ವಿಳಾಸದಿಂದ ಹೋದರೆ ಬರೀ 403, ‘ಪ್ರವೇಶ ಇಲ್ಲ’ ಅನ್ನುವ ಉತ್ತರ. ಹಾಗಾಗಿ ರೆಸಿಡೆನ್ಷಿಯಲ್ ಬೇಕೇ ಬೇಕಾಯಿತು.

ಮೊದಲು ತಗೊಂಡಿದ್ದು ಅಗ್ಗದ ಪ್ಯಾಕ್. ಜಿಬಿಗೆ ಮೂರೂವರೆ ಡಾಲರ್ ಆಸುಪಾಸು. ತಿಂಗಳಿಗೆ 60 ಜಿಬಿ ಹತ್ತಿರ ಹೋಗುತ್ತಿತ್ತು, ಅಂದರೆ 18 ಸಾವಿರ ರೂಪಾಯಿ. ಹುಬ್ಬಳ್ಳಿ ಐಪಿ ಅಂತ ಕೊಟ್ಟಿದ್ದು ಬೇರೆ ರಾಜ್ಯದ್ದಾಗಿರುತ್ತಿತ್ತು, ಅರ್ಧದಲ್ಲೇ ಸಾಯುತ್ತಿತ್ತು. ಆ ತಪ್ಪು ಊರಿನ ಬೆಲೆ ನಂಬಿ ಒಬ್ಬ ಗ್ರಾಹಕರು ಪೊಟ್ಟಣಕ್ಕೆ ಏಳೆಂಟು ರೂಪಾಯಿ ಇಳಿಸಿ ಕೈ ಸುಟ್ಟುಕೊಂಡರು. ಈ ಐಪಿಗಳು ಎಲ್ಲಿಂದ ಬರುತ್ತವೆ ಅಂತ ಮಾರಿದವನಿಗೆ ಮೇಲಿಂದ ಮೇಲೆ ಕೇಳಿದೆ. ನೇರ ಉತ್ತರ ಬರಲೇ ಇಲ್ಲ.

ಅಲ್ಲಿಗೆ ಬಿಟ್ಟೆ. 2024ರ ಮೇ ತಿಂಗಳಲ್ಲಿ ಅಮೆರಿಕದವರು ಮುಚ್ಚಿಸಿದ 911 ಎಸ್5 ಅನ್ನುವ ಪ್ರಾಕ್ಸಿ ಜಾಲ ನೆನಪಿದೆ ಅಲ್ವಾ? 1 ಕೋಟಿ 90 ಲಕ್ಷ ಐಪಿ. ಫ್ರೀ ವಿಪಿಎನ್ ಹಾಕಿಕೊಂಡ ಪಾಪದ ಜನರ ಕಂಪ್ಯೂಟರ್‌ಗಳು ಅವು. ಅಂಥ ಐಪಿಯಿಂದ ಯಾರೋ ವಂಚನೆ ಮಾಡಿದರೆ ಪೊಲೀಸರು ಮೊದಲು ಬರುವುದು ಆ ಮನೆಯವರ ಬಾಗಿಲಿಗೆ. ನನ್ನ ಬೆಲೆಪಟ್ಟಿಗೋಸ್ಕರ ಅದು ಆಗಬಾರದು.

ಹೊಸ ಸಪ್ಲೈಯರ್ ಜಿಬಿಗೆ ಆರು ಡಾಲರ್ ತಗೊಳ್ಳುತ್ತಾರೆ. ಐಪಿ ಕೊಡುವ ಮನೆಯವರಿಗೆ ದುಡ್ಡು ಹೇಗೆ ಹೋಗುತ್ತದೆ, ಬೇಡವಾದಾಗ ಅವರು ಹೇಗೆ ಆಫ್ ಮಾಡಬಹುದು ಅಂತ ತೋರಿಸಿದರು. ನನ್ನ ಕೆವೈಸಿಯನ್ನೂ ಕೇಳಿದರು. ಗೆಳೆಯರಿಗೆ ಅದು ಕಿರಿಕಿರಿ ಅನ್ನಿಸಿತು, ನನಗೆ ಅದೇ ಧೈರ್ಯ ಕೊಟ್ಟಿತು. ಬ್ರೌಸರ್ ಅನ್ನು ತಾನೇ ಓಡಿಸುವ ಪ್ಲೇರೈಟ್ ಸಾಫ್ಟ್‌ವೇರ್‌ನಲ್ಲಿ ಚಿತ್ರ, ವಿಡಿಯೋ, ಫಾಂಟ್ ಎಲ್ಲ ತಡೆದೆ. ಮೂರೂವರೆ ಎಂಬಿ ಪುಟ 400 ಕೆಬಿಗೆ ಬಂತು. 429, ಅಂದರೆ ‘ಅತಿಯಾಗಿ ಕೇಳುತ್ತಿದ್ದೀರಿ’ ಅನ್ನುವ ಉತ್ತರ ಬಂದರೆ ಐಪಿ ಬದಲಿಸಿ ನುಗ್ಗುವುದಿಲ್ಲ, ಸೈಟ್ ತನ್ನ ರಿಟ್ರೈ-ಆಫ್ಟರ್‌ನಲ್ಲಿ ಹೇಳಿದಷ್ಟು ಹೊತ್ತು ಕಾಯುತ್ತೇನೆ. ಈಗ ತಿಂಗಳಿಗೆ 9–10 ಜಿಬಿ, ಐದು ಸಾವಿರ ಚಿಲ್ಲರೆ. ಬ್ಲಾಕ್ ಆಗುವುದು ನೂರಕ್ಕೆ ಎರಡೋ ಮೂರೋ ಪುಟ. ಇಷ್ಟು ಕಡಿಮೆಯಲ್ಲಿ ಇಷ್ಟು ನಿಖರ ವರದಿ ಕೊಡುವವರು ನಮ್ಮ ಕಡೆ ಬೇರೆ ಯಾರೂ ನನಗೆ ಗೊತ್ತಿಲ್ಲ.

ಪ್ರಾಕ್ಸಿ ಬಳಸಬೇಡ ಅನ್ನುವ ಕಾನೂನು ನಮ್ಮಲ್ಲಿಲ್ಲ. ಅದರಿಂದ ಏನು ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಫೇಸ್‌ಬುಕ್‌ನ ಮೆಟಾ ಕಂಪನಿ, ಡೇಟಾ ಸಂಗ್ರಹಿಸುವ ಬ್ರೈಟ್ ಡೇಟಾ ಮೇಲೆ ಹಾಕಿದ್ದ ಕೇಸ್ ತೋರಿಸಿ ಸುಮ್ನೆ ಧೈರ್ಯ ಹೇಳುವವರಿದ್ದಾರೆ. 2024ರ ಆ ತೀರ್ಪು ಲಾಗಿನ್ ಇಲ್ಲದೆ ಕಾಣುವ ಪುಟಗಳ ಬಗ್ಗೆ, ಅದೂ ಅಮೆರಿಕದ್ದು. ಇಲ್ಲಿ ಐಟಿ ಕಾಯ್ದೆಯ 43ನೇ ಸೆಕ್ಷನ್ ಅನುಮತಿ ಇಲ್ಲದೆ ಡೇಟಾ ತೆಗೆಯುವುದನ್ನೇ ಹಿಡಿಯುತ್ತದೆ. ಅದಕ್ಕೇ ನಾನು ಎಲ್ಲ ಸೈಟ್‌ಗಳಿಗೂ ಮೊದಲು ಮೇಲ್ ಹಾಕುತ್ತೇನೆ. ಕೆಲವರು ಎಪಿಐ, ಅಂದರೆ ಡೇಟಾ ನೇರ ತೆಗೆದುಕೊಳ್ಳುವ ದಾರಿ ಕೊಟ್ಟರು, ಕೆಲವರು ಒಪ್ಪಿಗೆ ಬರೆದು ಕೊಟ್ಟರು. ಬೇಡ ಅಂದವರ ಪುಟ ಪಟ್ಟಿಯಿಂದ ಹೊರಗೆ. ರಿವ್ಯೂ ಬರೆದವರ ಹೆಸರು ಮುಟ್ಟುವುದಿಲ್ಲ.

ನಡುವೆ ಒಂದು ಪ್ರಯೋಗ. ಹಳೇ ಫೋನಿಗೆ ನೆಟ್ ಹಂಚಿ ದುಡ್ಡು ಗಳಿಸುವ ಆ್ಯಪ್ ಹಾಕಿ ರೂಟರ್ ಲಾಗ್ ನೋಡುತ್ತಾ ಕೂತೆ. ತಿಂಗಳಿಗೆ ನೂರು ರೂಪಾಯಿಯೂ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ಯಾವ್ಯಾವುದೋ ದೇಶದ ಲಾಗಿನ್ ಸೈಟ್‌ಗಳಿಗೆ ನಮ್ಮ ಮನೆ ಐಪಿಯಿಂದ ಕರೆ ಹೋಗುತ್ತಿತ್ತು. ಅವತ್ತೇ ತೆಗೆದೆ. ಅಣ್ಣನ ಶಿರಸಿ ಮನೆಯಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟು ಆ ಮನೆ ಐಪಿ ಬಳಸುವ ಯೋಚನೆಯೂ ಇತ್ತು. ಬ್ರಾಡ್‌ಬ್ಯಾಂಡ್ ಷರತ್ತಿನಲ್ಲಿ ಹಂಚುವಂತಿಲ್ಲ ಅಂತಿತ್ತು, ಕೈಬಿಟ್ಟೆ.

ಯಾವ ಗಂಟೆಗೆ ಓಡಿಸುತ್ತೇನೆ, ಸೆಷನ್ ಎಷ್ಟು ಹೊತ್ತು ಹಿಡಿದಿಡುತ್ತೇನೆ ಅನ್ನುವುದನ್ನು ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಸಪ್ಲೈಯರ್‌ಗೆ ಕೇಳುವ ಪ್ರಶ್ನೆಗಳ ಪಟ್ಟಿಯನ್ನು ಮಾತ್ರ ಕೇಳಿದವರಿಗೆಲ್ಲ ಕೊಡುತ್ತೇನೆ.