ಗಾಡಿಯ ಫ್ರಿಜ್‌ಗೆ ಮೂರು ಫ್ಯಾನ್: ಕೊನೆಗೂ ತಣ್ಣಗಾಯಿತು

ಹೊರಗೆ 38 ಡಿಗ್ರಿ ಬಿಸಿಲು, ಫ್ರಿಜ್‌ನ ಕೆಳಗಿನ ಅರೆಯಲ್ಲಿ 5 ಡಿಗ್ರಿ. ಈ ಬೇಸಿಗೆಯಲ್ಲಿ ಹೊಸಪೇಟೆ ಕಡೆಗೆ ಮನೆಯಂತೆ ಮಾಡಿಕೊಂಡ ನನ್ನ ಗಾಡಿ ಒಯ್ದಾಗ ಸಿಕ್ಕ ಲೆಕ್ಕವಿದು. ಹಿಂದಿನ ಬೇಸಿಗೆಯಲ್ಲಿ ಇದೇ ಫ್ರಿಜ್ ಮಧ್ಯಾಹ್ನದ ಹೊತ್ತಿಗೆ 14–15 ಡಿಗ್ರಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಇಟ್ಟ ದೋಸೆ ಹಿಟ್ಟು ಸಂಜೆಯೊಳಗೆ ಡಬ್ಬಿಯ ಮುಚ್ಚಳ ಎತ್ತಿ ಅರೆಯ ಮೇಲೆಲ್ಲ ಹರಿದಿರುತ್ತಿತ್ತು. ಹಾಲಿನ ಕಥೆ ಹೇಳುವುದೇ ಬೇಡ.

ಫ್ರಿಜ್‌ನ ಹಿಂದೆ ಫ್ಯಾನ್ ಹಾಕುತ್ತೇನೆ ಎಂದಾಗ ಮೈಸೂರಿನಲ್ಲಿ ಯಾರೂ ನಂಬಲಿಲ್ಲ. ಗಾಡಿಯ ಬಾಡಿ ಕಟ್ಟಿಕೊಟ್ಟ ಮೇಸ್ತ್ರಿ, "ಏನು ಸ್ವಾಮಿ, ಕಂಪ್ಯೂಟರ್ ಫ್ಯಾನಿಗೆ ಫ್ರಿಜ್ ತಣ್ಣಗಾಗುತ್ತದೆಯೇ?" ಎಂದರು. ಮಂಡ್ಯದಲ್ಲಿರುವ ಭಾವ, "ಅದನ್ನು ಕಿತ್ತುಹಾಕಿ ಕಂಪ್ರೆಸರ್ ಇರುವುದನ್ನು ತೆಗೆದುಕೊಳ್ಳಪ್ಪ" ಎಂದು ಹೋದಾಗಲೆಲ್ಲ ಹೇಳುತ್ತಿದ್ದರು. ಅದರ ಬೆಲೆ ವಿಚಾರಿಸಿದೆ: ಸುಮಾರು 55 ಸಾವಿರ, ಅದಕ್ಕೆ ತಕ್ಕ ಬ್ಯಾಟರಿಗೆ ಇನ್ನೊಂದು 20 ಸಾವಿರ. ಕಾಡಂಚಿನಲ್ಲಿ ಎರಡು ಮೂರು ದಿನ ಒಂದೇ ಕಡೆ ನಿಲ್ಲುವ ನನ್ನಂಥವರಿಗೆ ಕಂಪ್ರೆಸರ್ ಇಲ್ಲದೆ, ಗ್ಯಾಸಿನ ಕಾವಿನಿಂದಲೇ ಸದ್ದಿಲ್ಲದೆ ನಡೆಯುವ ಅಬ್ಸಾರ್ಪ್ಶನ್ ಫ್ರಿಜ್ಜೇ ಸರಿ. ಅದನ್ನು ಬಿಡುವ ಮನಸ್ಸಿರಲಿಲ್ಲ.

ನನ್ನದು ಟೆಂಪೋ ಟ್ರಾವೆಲರ್. ಫ್ರಿಜ್ ಆಮದಿನದು, ಗ್ಯಾಸ್, 12 ವೋಲ್ಟ್, 230 ವೋಲ್ಟ್ ಮೂರರಲ್ಲೂ ನಡೆಯುತ್ತದೆ. ಹಿಂಬದಿಯ ಚೀಟಿಯಲ್ಲಿ ಹವಾಮಾನ ವರ್ಗ 'ಎಸ್‌ಎನ್' ಎಂದಿದೆ, ಅಂದರೆ 32 ಡಿಗ್ರಿಯವರೆಗಿನ ಹವೆಗೆ ಮಾಡಿದ್ದು. ನಮ್ಮ ಏಪ್ರಿಲ್‌ಗೆ ಅದು ಸಾಲದು. ಇದನ್ನು ಯಾವ ರಿಪೇರಿಯವರೂ ಓದಿ ಹೇಳಲಿಲ್ಲ. ಒಬ್ಬರು ಥರ್ಮೋಸ್ಟಾಟ್ ಬದಲಿಸಿ 2,800 ರೂಪಾಯಿ ತೆಗೆದುಕೊಂಡರು. ಇನ್ನೊಬ್ಬರು ಬಾಗಿಲಿನ ರಬ್ಬರ್ ಹೊಸದು ಹಾಕಿದರು, ಅದಕ್ಕೊಂದು 1,600. ಬರ್ನರಿಗೆ ಗ್ಯಾಸ್ ಬಿಡುವ ಜೆಟ್ ಸ್ವಚ್ಛ ಮಾಡಿಸಿದ್ದು ಬೇರೆ. ಇಷ್ಟಾದರೂ ಅರ್ಧ ಡಿಗ್ರಿಯೂ ಇಳಿಯಲಿಲ್ಲ.

ರೋಗ ಹಿಡಿದುಕೊಟ್ಟದ್ದು ಊದುಬತ್ತಿ. ಗಾಳಿಯಿಲ್ಲದ ಮಧ್ಯಾಹ್ನ ಫ್ರಿಜ್‌ನ ಹಿಂದೆ ಗಾಡಿಯ ಹೊರಗೋಡೆಯಲ್ಲಿ ಗಾಳಿಗೆಂದು ಮೇಲೊಂದು ಕೆಳಗೊಂದು ಜಾಲರಿಯಿದೆ, ಅದರಲ್ಲಿ ಕೆಳಗಿನದರ ಬಳಿ ಒಂದು ಕಡ್ಡಿ ಹಚ್ಚಿ ಹಿಡಿದೆ. ಆಗ ಫ್ರಿಜ್ ನಡೆಯುತ್ತಿದ್ದುದು 230 ವೋಲ್ಟಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ್. ಮೇಲಿನ ಜಾಲರಿ ಬಿಚ್ಚಿಟ್ಟು ಟಾರ್ಚ್ ಬಿಟ್ಟು ನೋಡಿದರೆ, ಹೊಗೆ ಒಳಗೆ ಹೋಗಿ ಮೇಲೇರಿತು; ಆದರೆ ಫ್ರಿಜ್‌ನ ಕಾವನ್ನು ಹೊರಗೆ ಬಿಡುವ ಕಂಡೆನ್ಸರಿನ ಫಿನ್‌ಗಳ (ತೆಳು ತಗಡಿನ ರೆಕ್ಕೆಗಳ) ನಡುವೆ ನುಗ್ಗಲಿಲ್ಲ. ಫಿನ್‌ಗಳಿಗೂ ಹೊರಗೋಡೆಗೂ ನಡುವೆ ಅಂಗೈಯಗಲ ಖಾಲಿ ಜಾಗವಿತ್ತು, ಅಲ್ಲೇ ಜಾರಿಕೊಂಡು ಹೋಗಿ ಫ್ರಿಜ್‌ನ ನೆತ್ತಿಯ ಮೇಲೆ ಸುತ್ತುತ್ತಾ ನಿಂತಿತು. ಬಿಸಿಗಾಳಿಯೂ ಹಾಗೆಯೇ ನಿಂತಿರುತ್ತಿತ್ತು. ಫಿನ್ ಮುಟ್ಟಲಾಗದಷ್ಟು ಸುಡುತ್ತಿತ್ತು, ಅಳೆದಾಗ 65ರ ಮೇಲೆ.

ಮೊದಲು ಎಲ್ಲರೂ ಮಾಡುವಂತೆ ಮೇಲಿನ ಜಾಲರಿಗೆ ಎರಡು ಫ್ಯಾನ್ ಕಟ್ಟಿ ಗಾಳಿ ಹೊರಗೆ ಎಳೆಸಿದೆ. ಅವು ಜಾಲರಿಯ ಒಂದು ಮೂಲೆಯಿಂದ ಹೊರಗಾಳಿ ಎಳೆದು ಇನ್ನೊಂದು ಮೂಲೆಯಿಂದ ಬಿಟ್ಟವು. ಲಾಭ ಒಂದೆರಡು ಡಿಗ್ರಿ ಅಷ್ಟೆ. 150 ರೂಪಾಯಿಯ ಫ್ಯಾನುಗಳು, ಆ ಕಾವಿಗೆ ಬುಷ್‌ನ ಎಣ್ಣೆ ಒಣಗಿ ತಿಂಗಳೊಳಗೆ ಕಿರುಗುಟ್ಟಿ ನಿಂತವು. ಕೆಳ ಜಾಲರಿಯಿಂದ ಗಾಳಿ ಊದಿಸಿ ನೋಡಿದಾಗ ತಂಪೇನೋ ಸಿಕ್ಕಿತು, ಆದರೆ ಗ್ಯಾಸಿಗೆ ಹಾಕಿದ ಕೂಡಲೇ ಬರ್ನರಿನ ಜ್ವಾಲೆ ಹಳದಿಯಾಗಿ ತೊಯ್ದಾಡಿ ಆರಿತು. ಬರ್ನರಿನ ಹತ್ತಿರ ಯಾರೂ ಫ್ಯಾನ್ ಇಡಬೇಡಿ.

ಕೆಲಸ ಕೊಟ್ಟದ್ದು ತಗಡು. ಖಾಲಿ ಜಾಗವನ್ನು ಅಲ್ಯುಮಿನಿಯಂ ತಗಡಿನಿಂದ ಓರೆಯಾಗಿ ಮುಚ್ಚಿ, ಮೇಲೇರುವ ಗಾಳಿಗೆ ಫಿನ್‌ಗಳ ನಡುವೆ ಬಿಟ್ಟು ಬೇರೆ ದಾರಿಯೇ ಇಲ್ಲದಂತೆ ಮಾಡಿದೆ. ಫ್ರಿಜ್‌ನ ತಲೆಯಿಂದ ಮೇಲಿನ ಜಾಲರಿಗೂ ಇನ್ನೊಂದು ತಗಡು. ಕಂಡೆನ್ಸರಿನ ಕೆಳಗೆ, ಮೇಲ್ಮುಖವಾಗಿ, 120 ಮಿ.ಮೀ.ನ ಮೂರು ಬಾಲ್ ಬೇರಿಂಗ್ ಫ್ಯಾನ್. ಒಂದೊಂದಕ್ಕೆ 600ರ ಆಸುಪಾಸು. ಫಿನ್‌ಗೆ ಒತ್ತಿ ಕೂರಿಸಿದ 45 ಡಿಗ್ರಿಯ ಥರ್ಮಲ್ ಸ್ವಿಚ್ 60 ರೂಪಾಯಿ. ಕಾವೇರಿದರೆ ತಾನೇ ಹಚ್ಚುತ್ತದೆ, ರಾತ್ರಿ ತಾನೇ ಆರಿಸುತ್ತದೆ. ಮೂರೂ ಸೇರಿ ಎಳೆಯುವುದು ಅರ್ಧ ಆಂಪಿಯರ್. ಇದೇ ಫ್ರಿಜ್ 12 ವೋಲ್ಟಿನಲ್ಲಿ ಹತ್ತು ಆಂಪಿಯರ್ ನುಂಗುವುದನ್ನು ನೆನೆದರೆ ಇದು ಲೆಕ್ಕಕ್ಕೇ ಇಲ್ಲ. ತಗಡಿನ ಓರೆ ಎಷ್ಟು, ಫ್ಯಾನಿಗೂ ಫಿನ್‌ಗೂ ನಡುವೆ ಎಷ್ಟು ಅಂತರ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹಿಡಿಯಲು ನನಗೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಊದುಬತ್ತಿ ಹಿಡಿದು ನೋಡಿ, ನಿಮ್ಮ ಗಾಡಿಯ ಲೆಕ್ಕ ನಿಮಗೇ ಸಿಗುತ್ತದೆ.

ಫಿನ್ ಈಗ 50 ದಾಟುವುದಿಲ್ಲ. ಫ್ರಿಜ್‌ನ ಒಳಗೆ ಒಂದು ಸಣ್ಣ 80 ಮಿ.ಮೀ. ಫ್ಯಾನನ್ನು ನಿಧಾನ ವೇಗದಲ್ಲಿ ಅಲ್ಲಿನ ತಣ್ಣನೆಯ ಫಿನ್‌ಗಳ ಎದುರು ಓಡಿಸಿದೆ. ಕೆಳ ಅರೆಗೂ ಬಾಗಿಲಿನ ಬಾಟಲಿಗೂ ಇದ್ದ ನಾಲ್ಕೈದು ಡಿಗ್ರಿ ವ್ಯತ್ಯಾಸ ಒಂದಕ್ಕೆ ಬಂತು, ಹಿಮ ಕಟ್ಟುವುದೂ ಕಡಿಮೆಯಾಯಿತು. ವೇಗ ಹೆಚ್ಚಿಸಿದರೆ ಮುಚ್ಚದ ಕೊತ್ತಂಬರಿ ಸೊಪ್ಪು ಒಣಗುತ್ತದೆ, ಅಷ್ಟೇ ತೊಂದರೆ.

ಬೇರೆ ಪ್ರಯೋಗಗಳೂ ನಡೆದವು. ಕೆಳ ಜಾಲರಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟೆ. ಬಳ್ಳಾರಿಯ ಒಣ ಹವೆಯಲ್ಲಿ ಎರಡು ಡಿಗ್ರಿ ಸಿಕ್ಕಿತು, ಮಂಗಳೂರಿನ ಕಡೆ ಏನೂ ಸಿಗಲಿಲ್ಲ. ಫ್ಯಾನುಗಳಿಗೆಂದೇ 10 ವ್ಯಾಟಿನ ಸೋಲಾರ್ ಫಲಕ ಹಾಕಿದೆ. ಬಿಸಿಲು ಏರಿದಷ್ಟೂ ಫ್ಯಾನ್ ಜೋರಾಗುವುದು ಚೆನ್ನಾಗಿತ್ತು, ಆದರೆ ಸಂಜೆಯ ಕಾವಿಗೆ ಕೈಕೊಟ್ಟಿತು. ಮತ್ತೆ ಬ್ಯಾಟರಿಗೇ ಜೋಡಿಸಿ, ನಡುವೆ 2 ಆಂಪಿಯರ್ ಫ್ಯೂಸ್ ಹಾಕಿದೆ. ಎಲ್ಲಕ್ಕಿಂತ ಪುಕ್ಕಟೆ ಉಪಾಯವೆಂದರೆ ಫ್ರಿಜ್ ಇರುವ ಬದಿಯನ್ನು ಮಧ್ಯಾಹ್ನ ನೆರಳಿಗೆ ಮಾಡಿ ನಿಲ್ಲಿಸುವುದು. ಫ್ಯಾನ್ ಇದ್ದರೂ ಅದನ್ನು ಬಿಟ್ಟಿಲ್ಲ.

ರಿಪೇರಿಯವರಿಗೆ ಕೊಟ್ಟದ್ದು ಬಿಟ್ಟು ಒಟ್ಟು ಖರ್ಚು, ಹಾಳಾದ ಫ್ಯಾನುಗಳೂ ಸೇರಿ, ನಾಲ್ಕು ಸಾವಿರದೊಳಗೆ. ಮೇಸ್ತ್ರಿಯವರು ಬಂದು ತಗಡಿನ ಅಳತೆ ಬರೆದುಕೊಂಡು ಹೋದರು, ಅವರಿಗೆ ಮಾತ್ರ ತೋರಿಸಿದ್ದೇನೆ. ಫ್ಯಾನ್ ಕೊಳ್ಳುವ ಮುನ್ನ ಹಿಂಬದಿಯ ಕೊಳವೆಗಳನ್ನೊಮ್ಮೆ ನೋಡಿ. ಹಳದಿ ಪುಡಿ ಕಟ್ಟಿದ್ದರೆ, ಅಮೋನಿಯದ ಘಾಟು ಬಂದರೆ ಫ್ರಿಜ್ ತಣ್ಣಗೆ ಮಾಡುವ ಆ ಘಟಕ ಸೋರಿ ಹೋಗಿದೆ. ಅದಕ್ಕೆ ಯಾವ ಫ್ಯಾನೂ ಕೆಲಸ ಮಾಡುವುದಿಲ್ಲ. ಕಿಟಕಿ ತೆರೆದು, ಆರಿಸಿ, ಘಟಕವನ್ನೇ ಬದಲಿಸಬೇಕು.