ವಿಂಗರ್‌ಗೆ ಓಟಕ್ಕಿಂತ ಬ್ರೇಕ್ ಮುಖ್ಯ: ಸದಾಶಿವಗಡದಿಂದ ಗೋವಾ ಲೀಗ್‌ವರೆಗೆ ನನ್ನ ಅನುಭವ

ಫುಟ್‌ಬಾಲ್‌ನಲ್ಲಿ ಮೈದಾನದ ಅಂಚಿನ ಗೆರೆ ಪಕ್ಕ ದಾಳಿ ಮಾಡುವವನು ವಿಂಗರ್. ವಿಂಗರ್ ಅಂದ್ರೆ ಜೋರಾಗಿ ಓಡುವವನು ಅಂತ ನಮ್ಮ ಕಡೆ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದಾರೆ. ಕಾರವಾರ, ಸದಾಶಿವಗಡ, ಮಾಜಾಳಿ ಎಲ್ಲೇ ನೋಡಿ, ಹುಡುಗ ಸ್ವಲ್ಪ ಚುರುಕಾಗಿದ್ದರೆ ಅವನನ್ನು ಗೆರೆ ಪಕ್ಕ ನಿಲ್ಲಿಸುತ್ತಾರೆ. ನನ್ನನ್ನೂ ಹಾಗೇ ನಿಲ್ಲಿಸಿದ್ದು. ಆಮೇಲೆ ಗೋವಾದ ಕ್ಲಬ್‌ಗಳಲ್ಲಿ, ಅಲ್ಲಿಂದ ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್‌ನಲ್ಲಿ ಸಂಬಳ ತಗೊಂಡು ಎಡ ವಿಂಗ್‌ನಲ್ಲಿ ಆಡಿದೆ. ನನ್ನ ಹೊಟ್ಟೆ ತುಂಬಿಸಿದ್ದು ಓಡುತ್ತಾ ಓಡುತ್ತಾ ಥಟ್ಟನೆ ನಿಲ್ಲುವ ಶಕ್ತಿ. ಅದನ್ನು ನನಗೆ ಊರಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಈಗಿನ ಹುಡುಗರಿಗಾದರೂ ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮರಳಿನಿಂದಲೇ ಶುರು ಮಾಡೋಣ. ಟಾಗೋರ್ ಕಡಲತೀರದಲ್ಲಿ ಓಡಿ ಬೆಳೆದವರು ನಾವು. ಮೆತ್ತನೆ ಮರಳಿನಲ್ಲಿ ಓಡಿದರೆ ಮೀನಖಂಡ ಗಟ್ಟಿಯಾಗುತ್ತದೆ, ದಮ್ಮು ಬರುತ್ತದೆ, ಅದು ನಿಜ. ಆದರೆ ಅಲ್ಲಿ ಕಾಲು ಹೂತುಹೋಗಿ ಪಾದ ನೆಲದ ಮೇಲೆ ಜಾಸ್ತಿ ಹೊತ್ತು ಇರುತ್ತದೆ. ಹುಲ್ಲಿನ ಮೇಲೆ ಬೇಕಾಗುವುದು ತಾಕಿದ ತಕ್ಷಣ ಚಿಮ್ಮುವ ಪಾದ. ಬರೀ ಮರಳಿನಲ್ಲಿ ಪಳಗಿದವನು ಮೈದಾನಕ್ಕೆ ಬಂದಾಗ ಮೊದಲ ಮೂರು ಹೆಜ್ಜೆಗೇ ಹಿಂದೆ ಬೀಳುತ್ತಾನೆ. ವಿಂಗರ್‌ಗೆ ಆ ಮೂರು ಹೆಜ್ಜೆಯೇ ಎಲ್ಲ. ಹಾಗಾಗಿ ಇಳಿತದ ಹೊತ್ತು ನೋಡಿಕೊಂಡು ಹೋಗಿ. ನೀರು ಹಿಂದೆ ಸರಿದಾಗ ಸಿಗುವ ಗಟ್ಟಿ ಒದ್ದೆ ಮರಳು ಓಟಕ್ಕೆ ಒಳ್ಳೆಯದು. ಇನ್ನೊಂದು ಮಾತು. ತೀರ ಯಾವಾಗಲೂ ಕಡಲಿನ ಕಡೆ ಓರೆಯಾಗಿರುತ್ತದೆ. ಒಂದೇ ದಿಕ್ಕಿಗೆ ಓಡಿದರೆ ಭಾರವೆಲ್ಲ ಒಂದೇ ಕಡೆಯ ಸೊಂಟ, ಮೊಣಕಾಲಿಗೆ ಬೀಳುತ್ತದೆ. ಹೋದಷ್ಟೇ ದೂರ ವಾಪಸ್ ಓಡಿ ಬನ್ನಿ.

ನಾನು ಗೋವಾಕ್ಕೆ ಹೋದದ್ದು ಹದಿನಾರನೇ ವಯಸ್ಸಿನ ಆಸುಪಾಸಿನಲ್ಲಿ. ನಮಗೆ ಬೆಂಗಳೂರಿಗಿಂತ ಮಡಗಾಂವ್ ಹತ್ತಿರ ಅಲ್ವಾ. ಕದಂಬ ಬಸ್ ಹತ್ತಿದರೆ ಗಡಿ ದಾಟಿ, ಕಾಣಕೋಣ ದಾಟಿ, ಕರ್ಮಲ್ ಘಾಟ್ ಇಳಿದು ಬೆಳಗಿನ ಪ್ರಾಕ್ಟೀಸ್ ಮುಗಿಸಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದಿತ್ತು. ಮಡಗಾಂವ್‌ನ ಫಾತೋರ್ಡಾ ಸ್ಟೇಡಿಯಂನಲ್ಲಿ ಆಗ ಗೋವಾದ ಡೆಂಪೊ ತಂಡದ ಆಟ ನೋಡುವುದೇ ಒಂದು ಪಾಠ. ಆರ್ಮಾಂಡೊ ಕೊಲಾಸೊ ಕೋಚ್. 2004-05ರಿಂದ 2011-12ರ ನಡುವೆ ಆ ತಂಡ ರಾಷ್ಟ್ರೀಯ ಲೀಗನ್ನು ಐದು ಸಲ ಗೆದ್ದಿತು. ಎಡಗಡೆ ಕ್ಲಿಫರ್ಡ್ ಮಿರಾಂಡಾ ಆಡುತ್ತಿದ್ದರು. ಚೆಂಡು ಆಚೆ ಬದಿಯಲ್ಲಿ ಇರುವಾಗ ಅವರು ಎಲ್ಲಿ ನಿಂತಿದ್ದಾರೆ ಅಂತ ನೋಡುವುದೇ ನನ್ನ ಕೆಲಸ. ಟಿವಿಯಲ್ಲಿ ಅದು ಕಾಣುವುದಿಲ್ಲ, ಕ್ಯಾಮೆರಾ ಚೆಂಡಿನ ಹಿಂದೆ ಹೋಗಿರುತ್ತದೆ. ಮಗ ವಿಂಗರ್ ಆಗಬೇಕು ಅಂತಿದ್ದರೆ ಅವನನ್ನು ಸ್ಟೇಡಿಯಂಗೆ ಕರೆದುಕೊಂಡು ಹೋಗಿ, ಒಬ್ಬನೇ ಆಟಗಾರನ ಮೇಲೆ ಕಣ್ಣಿಡಲು ಹೇಳಿ.

ಈಗ ಎದುರಿಗಿರುವ ಫುಲ್‌ಬ್ಯಾಕ್, ಅಂದರೆ ಅಂಚಿನಲ್ಲಿ ವಿಂಗರ್‌ನನ್ನು ತಡೆಯುವ ಡಿಫೆಂಡರ್ ವಿಷಯ. ದೊಡ್ಡ ಮೈದಾನದ ಅಗಲ 68 ಮೀಟರ್. ಅದರ ಒಂದು ಅಂಚಿನಲ್ಲಿ ನೀವು ಮತ್ತು ಅವನು, ಇಬ್ಬರೇ. ಗೆರೆ ಅವನ ಪರ. ನೀವು ಹೊರಗೆ ಹೋಗಲು ಜಾಗ ಇಲ್ಲ ಅಂತ ಅವನಿಗೆ ಗೊತ್ತು. ಒಳ್ಳೆಯ ಫುಲ್‌ಬ್ಯಾಕ್ ಎದೆ ಕೊಟ್ಟು ನಿಲ್ಲುವುದಿಲ್ಲ, ಅರ್ಧ ತಿರುಗಿ ಓರೆಯಾಗಿ ನಿಲ್ಲುತ್ತಾನೆ. ನೀವು ಪೂರ್ತಿ ವೇಗದಲ್ಲಿ ಬಂದರೆ ಅವನಿಗೆ ಸುಲಭ. ಅವನೂ ಹಿಂದಕ್ಕೆ ಅದೇ ವೇಗದಲ್ಲಿ ಜಾರುತ್ತಾ ಇರುತ್ತಾನೆ. ಅಲ್ಲೇ ನೀವು ವೇಗ ಇಳಿಸಬೇಕು. ನೀವು ನಿಧಾನ ಮಾಡಿದ ಕೂಡಲೇ ಅವನೂ ನಿಧಾನ ಮಾಡಲೇಬೇಕು. ಆಗ ಅವನ ಮೈಭಾರ ಒಂದು ಕಾಲಿಗೆ ಇಳಿಯುತ್ತದೆ. ಅವನ ಕಣ್ಣು, ಭುಜ ಸುಳ್ಳು ಹೇಳಬಹುದು, ಸೊಂಟ ಹೇಳುವುದಿಲ್ಲ. ಸೊಂಟ ನೋಡಿ. ಯಾವ ಕಾಲು ನೆಲಕ್ಕೆ ಊರಿದೆಯೋ ಆ ಕಾಲಿನ ಪಕ್ಕದಿಂದಲೇ ಚೆಂಡು ದೂಡಿ. ಊರಿದ ಕಾಲನ್ನು ಎತ್ತಿ ತಿರುಗುವಷ್ಟರಲ್ಲಿ ನಿಮಗೆ ಒಂದು ಹೆಜ್ಜೆ ಸಿಗುತ್ತದೆ. ದೂಡುವಾಗ ಬೂಟಿನ ಹೊರಬದಿ, ಕಿರುಬೆರಳಿನ ಹತ್ತಿರದ ಭಾಗ ತಾಗಲಿ. ಹಾಗಾದರೆ ಓಟದ ಹೆಜ್ಜೆ ತಪ್ಪುವುದಿಲ್ಲ.

ಇದನ್ನು ನನಗೆ ತಿದ್ದಿ ಕಲಿಸಿದ್ದು ನಮ್ಮ ತಂಡದ್ದೇ ಒಬ್ಬ ಹಿರಿಯ ಫುಲ್‌ಬ್ಯಾಕ್. ಪ್ರಾಕ್ಟೀಸ್‌ನಲ್ಲಿ ನನ್ನನ್ನು ಮತ್ತೆ ಮತ್ತೆ ಗೆರೆ ಆಚೆ ತಳ್ಳಿ ಕೊಂಕಣಿಯಲ್ಲಿ ಹೇಳುತ್ತಿದ್ದರು: 'ಓಡಿ ಬಂದರೆ ನನಗೆ ಭಯ ಇಲ್ಲ ಪೋರಾ. ನೀನು ನಿಂತರೆ ಭಯ.'

ನಾನು ಬಲಗಾಲಿನವನು, ಆಡಿದ್ದು ಎಡಗಡೆ. ಒಳಕ್ಕೆ ತಿರುಗಿ ಬಲಗಾಲಿನಲ್ಲಿ ಹೊಡೆಯಲು ಅದು ಅನುಕೂಲ. ಆದರೆ ಇವನು ಒಳಗೇ ಬರುತ್ತಾನೆ ಅಂತ ಲೀಗ್‌ನಲ್ಲಿ ಎರಡನೇ ವಾರಕ್ಕೇ ಎಲ್ಲರಿಗೂ ಗೊತ್ತಾಗುತ್ತದೆ. ಎಡಗಾಲು ಬೇಕೇ ಬೇಕು. ನಮ್ಮ ಮನೆ ಹಿಂದೆ ಚಿರೆಕಲ್ಲಿನ ಗೋಡೆ ಇದೆ. ಗಿಲಾವು ಇಲ್ಲದ ಕಲ್ಲು, ಚೆಂಡು ಎತ್ತ ಪುಟಿಯುತ್ತದೆ ಅಂತ ಹೇಳಲಾಗದು. ದಿನಾ ಸಂಜೆ ಎಡಗಾಲಿನಲ್ಲಿ ಅದಕ್ಕೆ ಹೊಡೆದು, ವಾಪಸ್ ಬಂದದ್ದನ್ನು ಎಡಗಾಲಿನಲ್ಲೇ ನಿಲ್ಲಿಸುತ್ತಿದ್ದೆ. ಆಯಿ ದೀಪ ಹಚ್ಚಿ 'ಸಾಕು ಬಾ, ಗಂಜಿ ಆರುತ್ತೆ' ಅನ್ನುವವರೆಗೆ. ಫಸ್ಟ್ ಟಚ್‌ಗೆ, ಅಂದರೆ ಬಂದ ಚೆಂಡನ್ನು ಮೊದಲ ಸಲ ತಾಗಿ ಹಿಡಿತಕ್ಕೆ ತರುವುದಕ್ಕೆ, ಅದಕ್ಕಿಂತ ಒಳ್ಳೆ ಸಾಧನ ನನಗೆ ಎಲ್ಲೂ ಸಿಗಲಿಲ್ಲ.

ಫುಲ್‌ಬ್ಯಾಕನ್ನು ದಾಟಿದ ಮೇಲೆ ಏನು? ನಮ್ಮ ಹುಡುಗರು ತಲೆ ಎತ್ತದೆ ಅಂಚಿನಿಂದ ಗೋಲಿನ ಮುಂದಕ್ಕೆ ಎತ್ತರದ ಕ್ರಾಸ್ ಹೊಡೆಯುತ್ತಾರೆ, ಅದು ಗೋಲಿಯ ಕೈಗೆ ಹೋಗುತ್ತದೆ. ಕೊನೆ ಗೆರೆವರೆಗೆ ಹೋಗಿ ಚೆಂಡನ್ನು ನೆಲದ ಮೇಲೆ ಹಿಂದಕ್ಕೆ ಕೊಡಿ, ಅದೇ ಕಟ್‌ಬ್ಯಾಕ್. ಡಿಫೆಂಡರ್‌ಗಳು ತಮ್ಮ ಗೋಲಿನ ಕಡೆ ಮುಖ ಮಾಡಿ ಓಡುತ್ತಿರುತ್ತಾರೆ, ಬೆನ್ನ ಹಿಂದೆ ಬರುವವನು ಅವರಿಗೆ ಕಾಣುವುದಿಲ್ಲ. ಚೆಂಡಿಗಿಂತ ಹಿಂದೆ ಇರುವ ಆಟಗಾರನಿಗೆ ಆಫ್‌ಸೈಡ್, ಅಂದರೆ ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತ ತಪ್ಪು, ಕೂಡ ಇಲ್ಲ. ಅಂದ ಹಾಗೆ, ಥ್ರೋ-ಇನ್‌ನಿಂದ ನೇರ ಚೆಂಡು ತಗೊಂಡವನಿಗೂ ಆಫ್‌ಸೈಡ್ ಇಲ್ಲ. ಗೆರೆ ಪಕ್ಕ ಆಡುವವನು ಇದನ್ನು ಮರೆಯಲೇಬಾರದು, ಆದರೆ ಎಷ್ಟೋ ಜನ ಮರೆಯುತ್ತಾರೆ.

ದುಡ್ಡಿನ ಮಾತು. 2016ರಲ್ಲಿ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್, ಗೋವಾದ ಈ ಮೂರೂ ಕ್ಲಬ್‌ಗಳು ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನಿಂದ ಹೊರಬಂದವು. ಮಡಗಾಂವ್ ಹತ್ತಿರ ಇದೆ ಅನ್ನುವ ನಮ್ಮ ಧೈರ್ಯ ಅವತ್ತು ಕುಸಿಯಿತು. ದೊಡ್ಡ ಆಟಗಾರರೇ ಕೆಲಸ ಹುಡುಕುವಾಗ ಚಿಕ್ಕವರ ಜಾಗ ಇನ್ನೂ ಚಿಕ್ಕದಾಗುತ್ತದೆ. ನನಗೆ ಸಿಕ್ಕಿದ್ದೆಲ್ಲ ಒಂದು ಸೀಸನ್‌ನ ಕರಾರು. ಮಳೆಗಾಲದ ತಿಂಗಳುಗಳಿಗೆ ಸಂಬಳ ಇಲ್ಲ. ಒಂದು ಕ್ಲಬ್ ಕೊನೆಯ ತಿಂಗಳುಗಳ ಸಂಬಳ ಕೊಡಲೇ ಇಲ್ಲ. ನನ್ನ ಕೈಯಲ್ಲಿ ಕರಾರಿನ ಪ್ರತಿ ಇತ್ತು, ಹಾಗಾಗಿ ದೂರು ಕೊಡಲು ಆಯಿತು. ಜೊತೆಗಿದ್ದ ಕೆಲವರಿಗೆ ಬಾಯಿಮಾತಿನ ಒಪ್ಪಂದ, ಅವರಿಗೆ ಅದೂ ಇಲ್ಲ. ಸಹಿ ಹಾಕುವ ಮೊದಲು ಎರಡು ವಿಷಯ ಕೇಳಿ: ಗಾಯವಾದರೆ ಚಿಕಿತ್ಸೆ ಖರ್ಚು ಯಾರದು, ಸಂಬಳ ನಡೆಯುತ್ತದೋ ಇಲ್ಲವೋ.

ಯಾಕೆಂದರೆ ಗಾಯ ಆಗುತ್ತದೆ. ವಿಂಗರ್‌ಗೆ ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್. ಜೋರು ಓಟದಲ್ಲಿ ಕಾಲು ಮುಂದಕ್ಕೆ ಬೀಸಿ ನೆಲ ಮುಟ್ಟುವ ಮುಂಚಿನ ಕ್ಷಣ ಆ ಸ್ನಾಯು ಪೂರ್ತಿ ಹಿಗ್ಗಿರುತ್ತದೆ, ಅದೇ ಹೊತ್ತಿಗೆ ಕಾಲಿಗೆ ಬ್ರೇಕ್ ಹಾಕುವುದೂ ಅದೇ. ಅಲ್ಲಿ ಹರಿಯುತ್ತದೆ. ನನಗೆ ಹರಿದಾಗ ಯಾರೋ ಹಿಂದಿನಿಂದ ಕಲ್ಲು ಹೊಡೆದ ಹಾಗಾಗಿ ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಆಮೇಲೆ ಫಿಸಿಯೋ ನಾರ್ಡಿಕ್ ಅನ್ನುವ ವ್ಯಾಯಾಮ ಹೇಳಿಕೊಟ್ಟರು. ಮಂಡಿಯೂರಿ ಮೈ ನೆಟ್ಟಗೆ ಇಟ್ಟುಕೊಳ್ಳಿ, ಹಿಂದಿನಿಂದ ಒಬ್ಬರು ಕಣಕಾಲು ಹಿಡಿಯಲಿ. ಸೊಂಟ ಬಗ್ಗಿಸದೆ ಮೈಯನ್ನು ಮುಂದಕ್ಕೆ ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನ ಇಳಿಸಿ, ಕೊನೆಗೆ ಕೈ ಊರಿ. ಇದನ್ನು ಬಿಡದೆ ಮಾಡುವ ತಂಡಗಳಲ್ಲಿ ಈ ಗಾಯ ಸುಮಾರು ಅರ್ಧದಷ್ಟು ಕಡಿಮೆ ಅಂತ ಅಧ್ಯಯನಗಳೇ ಹೇಳುತ್ತವೆ. ಮೊದಲ ವಾರ ತೊಡೆ ವಿಪರೀತ ನೋಯುತ್ತದೆ. ಪಂದ್ಯದ ಹಿಂದಿನ ದಿನ ಬೇಡ. ಜಿಮ್ ಬೇಡ, ಸಾಮಾನು ಬೇಡ, ಮನೆ ಜಗಲಿ ಸಾಕು.

ಗಾಯದ ನಂತರ ನನ್ನ ಮೊದಲ ಮೂರು ಹೆಜ್ಜೆ ಪೂರ್ತಿ ವಾಪಸ್ ಬರಲಿಲ್ಲ. ಬೆಂಗಳೂರಿನಲ್ಲಿ ಕೋಚ್ ನನ್ನನ್ನು ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಫುಲ್‌ಬ್ಯಾಕ್ ಮಾಡಿದರು. ಬೇಜಾರಾಯಿತು, ಒಂದು ತಿಂಗಳು ಸರಿಯಾಗಿ ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ಅದೇ ನನ್ನ ಒಳ್ಳೆಯ ಸೀಸನ್‌ಗಳಾದವು. ಎದುರಿನ ವಿಂಗರ್ ಯಾವಾಗ ವೇಗ ಇಳಿಸುತ್ತಾನೆ ಅಂತ ನನ್ನ ಕಾಲಿಗೇ ಗೊತ್ತಿತ್ತು.

2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರ ನಂತರ ಮೊದಲ ಸಲ. ಅಷ್ಟರಲ್ಲಿ ನಾನು ಊರಿಗೆ ಬಂದು ಮಕ್ಕಳಿಗೆ ಕಲಿಸಲು ಶುರು ಮಾಡಿದ್ದೆ. ಆ ವಾರ ಪ್ರಾಕ್ಟೀಸ್‌ಗೆ ಬರುವ ಮಕ್ಕಳು ಒಮ್ಮೆಲೇ ಜಾಸ್ತಿಯಾದರು. ಬಂದವರೆಲ್ಲ ಕೇಳಿದ್ದು ಒಂದೇ, ಸರ್, ನನ್ನನ್ನು ವಿಂಗ್‌ನಲ್ಲಿ ಹಾಕಿ. ನಾನು ಹನ್ನೆರಡು ವರ್ಷದ ಒಳಗಿನ ಯಾರಿಗೂ ಒಂದೇ ಜಾಗ ಕೊಡುವುದಿಲ್ಲ. ಈ ವಾರ ವಿಂಗ್ ಆಡಿದವನು ಮುಂದಿನ ವಾರ ಅದೇ ಬದಿಯ ಫುಲ್‌ಬ್ಯಾಕ್. ಮಗ ಗೋಲು ಹೊಡೆಯಲಿಲ್ಲ ಅಂತ ಕೆಲವು ಅಪ್ಪಂದಿರಿಗೆ ಸಿಟ್ಟು ಬರುತ್ತದೆ. ಅವರನ್ನು ಗೆರೆ ಪಕ್ಕ ಕೂರಿಸಿ, ಫುಲ್‌ಬ್ಯಾಕ್ ಆಡುವಾಗ ಅವನು ಎದುರಿನವನ ಸೊಂಟ ನೋಡುತ್ತಿದ್ದಾನಾ ಅಂತ ನೀವೇ ಗಮನಿಸಿ ಹೇಳಿ ಅನ್ನುತ್ತೇನೆ. ಹೆಚ್ಚಿನವರು ಮುಂದಿನ ವಾರವೂ ಬರುತ್ತಾರೆ.