ಆ್ಯಪಿಗೆ ದುಡ್ಡು ಕಟ್ಟೋ ಮುಂಚೆ ಒಂದು ಹುಳಿ ಬರೆದು ನೋಡಿ

"ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು" ಅಂತ ಅಮ್ಮ ಫೋನಲ್ಲಿ ಹೇಳಿದ್ದನ್ನು ನಾನು ಹಾಗೇ ಇಂಗ್ಲಿಷಿಗೆ ಮಾಡಿ ವಾರದ ಅಡುಗೆ ಪ್ಲಾನ್ ಮಾಡೋ ಒಂದು ಆ್ಯಪಿಗೆ ಹಾಕಿದ್ದೆ. ಆ ವಾರ ಮೂರು ದಿನ ಹುಳಿ, ಸಾರು ಅಂತ ಪ್ಲಾನ್ ಇತ್ತು. ಆ್ಯಪ್ ಎಲ್ಲಾ ಕೂಡಿಸಿ ಪಟ್ಟಿ ಕೊಟ್ಟಿತು, ನಮ್ಮ ಮನೆಯವರು ಅಂಗಡಿಗೆ ಹೋಗಿ ಮೂರು ನಿಂಬೆಹಣ್ಣು ತಂದರು. ಹುಣಸೆಹಣ್ಣಿನ ಸುದ್ದಿಯೇ ಇಲ್ಲ.

ಅಮೆರಿಕದಲ್ಲಿ ಇರೋ ನಮ್ಮಂಥ ಮನೆಗಳಿಗೆ ಈ ಆ್ಯಪು, ಈ ಮೀಲ್ ಕಿಟ್ಟು ಎರಡರ ಜಾಹೀರಾತೂ ದಿನಾ ಬರುತ್ತೆ. ಮೀಲ್ ಕಿಟ್ ಅಂದರೆ ಅಳೆದಿಟ್ಟ ಸಾಮಾನು, ಮಾಡೋ ವಿಧಾನದ ಕಾರ್ಡ್ ಎರಡೂ ಇರೋ ಡಬ್ಬ, ನಾವು ಬೇಡ ಅನ್ನೋವರೆಗೂ ವಾರಾ ವಾರಾ ಮನೆಗೆ ಬರುತ್ತೆ. ತಗೊಳ್ಳೋ ಮುಂಚೆ ನಿಮ್ಮ ಮನೇಲಿ ಕಷ್ಟ ಎಲ್ಲಿದೆ ಅಂತ ನೋಡಿಕೊಳ್ಳಿ. "ರಾತ್ರಿಗೆ ಏನು ಮಾಡೋದು" ಅನ್ನೋದೇ ತಲೆನೋವಾದರೆ ಆ್ಯಪ್ ಸಾಕು. ಅಂಗಡಿಗೆ ಹೋಗೋಕೆ ಆಗಲ್ಲ, ತಂದ ಸೊಪ್ಪು ಫ್ರಿಜ್ಜಲ್ಲೇ ಕೊಳೆಯುತ್ತೆ ಅಂದರೆ ಕಿಟ್ ನೋಡಬಹುದು. ಹೆಚ್ಚೋದು, ಪಾತ್ರೆ ತೊಳೆಯೋದು ಕಷ್ಟ ಅಂದರೆ ಎರಡೂ ಬೇಡ. ಕಿಟ್ಟಲ್ಲೂ ಸಾಮಾನ್ಯವಾಗಿ ಈರುಳ್ಳಿ ಇಡಿಯಾಗೇ ಬರುತ್ತೆ ಸ್ವಾಮಿ, ನೀವೇ ಹೆಚ್ಚಬೇಕು.

ಮೊದಲು ಆ್ಯಪ್ ವಿಷಯ. ಪೇಪ್ರಿಕಾ, ಪ್ಲಾನ್ ಟು ಈಟ್, ಎನಿಲಿಸ್ಟ್, ಮೀಲೈಮ್, ಹೀಗೆ ಬೇಕಾದಷ್ಟಿವೆ. ಅದರಲ್ಲಿರೋ ಚಂದದ ಫೋಟೋ ನೋಡಿ ಮರುಳಾಗಬೇಡಿ, ಆ ಪಾಸ್ತಾ ನೀವು ಎಷ್ಟು ಸಲ ಮಾಡ್ತೀರಿ? ನಿಮ್ಮ ಮನೆಯ ಹುಳಿ ಒಂದನ್ನು ಅದರಲ್ಲಿ ಬರೆದು, ಪಟ್ಟಿ ಏನು ಬರುತ್ತೆ ಅಂತ ನೋಡಿ. ತೊಗರಿಬೇಳೆ, ಹುಳಿಪುಡಿ, ಕರಿಬೇವು ಸರಿಯಾಗಿ ಬಂದರೆ ಮುಂದಿನ ಮಾತು. ಹುಣಸೆಹಣ್ಣನ್ನು ಮಾತ್ರ ಗ್ರಾಮಿನಲ್ಲೇ ಬರೀರಿ.

ಆಮೇಲೆ ಒಂದೇ ರಾತ್ರಿಗೆ ಮೂರು ನಾಲ್ಕು ಅಡುಗೆ ಸೇರಿಸೋಕೆ ಆಗುತ್ತಾ ನೋಡಿ. ತುಂಬಾ ಆ್ಯಪುಗಳ ಲೆಕ್ಕದಲ್ಲಿ ರಾತ್ರಿ ಊಟ ಅಂದರೆ ಒಂದು ತಟ್ಟೆ, ಒಂದು ರೆಸಿಪಿ. ನಮ್ಮದು ಅನ್ನ, ಸಾರು, ಒಂದು ಪಲ್ಯ, ಮೇಲೆ ಮೊಸರು, ಮತ್ತೆ ಆ ಸಾರು ಮಾರನೇ ದಿನ ಬೆಳಗ್ಗೆ ಇಡ್ಲಿ ಜೊತೆಗೂ ಬರುತ್ತೆ. ಉಳಿದಿದ್ದಕ್ಕೆ ಜಾಗ ಇಲ್ಲದ ಆ್ಯಪ್ ನಮ್ಮ ಅಡುಗೆಮನೆಗೆ ಆಗಿಬರಲ್ಲ. ಶನಿವಾರ ಈರುಳ್ಳಿ ತಿನ್ನದ ಅತ್ತೆ, ಏಕಾದಶಿ, ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳೋಕೆ ಆದರೆ ಇನ್ನೂ ಒಳ್ಳೇದು.

ಅಳತೆ ಇನ್ನೊಂದು ಗೋಳು. ಅಮೆರಿಕದ ಕಪ್ ಸುಮಾರು 240 ಎಂಎಲ್. ರೈಸ್ ಕುಕ್ಕರ್ ಜೊತೆ ಬರೋ ಕಪ್ ಸಾಮಾನ್ಯವಾಗಿ 180 ಎಂಎಲ್. ಅನ್ನ ಯಾಕೆ ದಿನಾ ಜಾಸ್ತಿ ಮಿಗುತ್ತೆ ಅಂತ ತುಂಬಾ ದಿನ ನನಗೆ ಹೊಳೆದೇ ಇರಲಿಲ್ಲ.

ಪಟ್ಟಿ ಗಂಡ ಹೆಂಡತಿ ಇಬ್ಬರ ಫೋನಲ್ಲೂ ಕೂಡಲೇ ಬದಲಾಗಬೇಕು. ಇಲ್ಲದಿದ್ದರೆ ಇಬ್ಬರೂ ಕೊತ್ತಂಬರಿ ಸೊಪ್ಪು ತರ್ತೀರಿ. ದುಡ್ಡು ಒಂದೇ ಸಲ ಕಟ್ಟೋದಾ, ವರ್ಷಾ ವರ್ಷಾ ಕಟ್ಟೋದಾ ನೋಡಿ. ಪೇಪ್ರಿಕಾ ಒಂದೇ ಸಲ ಕಟ್ಟೋದು, ಆದರೆ ಐಫೋನಿಗೆ ಬೇರೆ, ಆಂಡ್ರಾಯ್ಡಿಗೆ ಬೇರೆ ಕೊಳ್ಳಬೇಕು. ಮತ್ತೆ ನಿಮ್ಮ ರೆಸಿಪಿಗಳನ್ನು ಹೊರಗೆ ತೆಗೆದಿಟ್ಟುಕೊಳ್ಳೋ ದಾರಿ ಇದೆಯಾ ಅಂತ ಮೊದಲ ದಿನವೇ ಹುಡುಕಿ. ಯಮ್ಲಿ ಸಣ್ಣ ಆ್ಯಪೇನೂ ಆಗಿರಲಿಲ್ಲ, 2017ರಲ್ಲಿ ವರ್ಲ್‌ಪೂಲ್ ಕಂಪನಿಯೇ ಕೊಂಡುಕೊಂಡಿತ್ತು, ಆದರೂ 2024ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅಮ್ಮನ ಕೈರುಚಿ ಅಂಥ ಕಡೆ ಒಂದೇ ಪ್ರತಿ ಇಡೋದು ಬೇಡ.

ಇನ್ನು ಕಿಟ್. ಹಲೋಫ್ರೆಶ್, ಹೋಮ್ ಶೆಫ್ ಥರದವು. ಜಾಹೀರಾತಿನ ಬೆಲೆ ಮರೆತುಬಿಡಿ, ಕೂಪನ್ ಮುಗಿದ ಮೇಲಿನ ಡಬ್ಬದ ಬೆಲೆ ನೋಡಿ. ಒಬ್ಬರ ಒಂದು ಊಟಕ್ಕೆ 10 ಡಾಲರ್ ಅಂತ ಇಟ್ಟುಕೊಂಡರೆ ನಾಲ್ಕು ಜನಕ್ಕೆ ವಾರಕ್ಕೆ ಮೂರು ರಾತ್ರಿ ಅಂದರೆ 120 ಡಾಲರ್, ತಂದುಕೊಡೋ ಖರ್ಚು ಬೇರೆ. "ಇಷ್ಟು ಡಾಲರ್ ಉಚಿತ" ಅನ್ನೋದು ಸಾಮಾನ್ಯವಾಗಿ ಹಲವು ಡಬ್ಬಗಳ ಮೇಲೆ ಹಂಚಿಹೋಗಿರುತ್ತೆ. ಮೊದಲನೇ ಡಬ್ಬ ತುಂಬಾ ಅಗ್ಗ, ಆಮೇಲಾಮೇಲೆ ಏರುತ್ತೆ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. "ವೆಜಿ" ಅಂತ ಬರೆದಿದ್ದರೆ ಮಾಂಸ ಇಲ್ಲ ಅಂತ ಅರ್ಥ, ನಮ್ಮ ಲೆಕ್ಕದ ಸಸ್ಯಾಹಾರ ಅಂತಲೇ ಅಲ್ಲ. ಇಟಲಿಯ ಅಸಲಿ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ. ವೂಸ್ಟರ್‌ಶೈರ್ ಸಾಸಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತೆ. ಮೊಟ್ಟೆಯಂತೂ ವೆಜಿಯಲ್ಲೇ ಬರುತ್ತೆ. ಆರ್ಡರ್ ಮಾಡೋ ಮುಂಚೆಯೇ ಪೂರ್ತಿ ಸಾಮಾನಿನ ಪಟ್ಟಿ ತೋರಿಸದ ಕಂಪನಿಯನ್ನು ಅಲ್ಲಿಗೇ ಬಿಡಿ.

ಮಗುವಿಗೆ ಅಲರ್ಜಿ ಇದ್ದರೂ ಇದೇ ಮಾತು. ಇಲ್ಲಿನ ಕಾನೂನು ಒಂಬತ್ತು ಅಲರ್ಜಿ ಪದಾರ್ಥಗಳನ್ನು ಲೇಬಲಿನಲ್ಲಿ ಹೇಳಲೇಬೇಕು ಅನ್ನುತ್ತೆ, ಒಂಬತ್ತನೆಯದಾಗಿ ಎಳ್ಳು ಸೇರಿದ್ದು 2023ರ ಜನವರಿಯಿಂದ. ಸಾಸಿವೆ ಆ ಪಟ್ಟಿಯಲ್ಲಿ ಇಲ್ಲ, ಬರೀ "ಸ್ಪೈಸಸ್" ಅಂತ ಬರೆದು ಮುಗಿಸಿರಬಹುದು. ಅನುಮಾನ ಇದ್ದರೆ ಫೋನ್ ಮಾಡಿ ಕೇಳಿ.

ಡಬ್ಬ ಬಾಗಿಲಿಗೆ ಎಷ್ಟು ಹೊತ್ತಿಗೆ ಬರುತ್ತೆ, ಆಗ ಮನೇಲಿ ಯಾರಿರ್ತಾರೆ ಅನ್ನೋದೂ ಮುಖ್ಯ. ಬೇಗ ಕೆಡೋ ಸಾಮಾನು 4 ಡಿಗ್ರಿ ಸೆಲ್ಸಿಯಸ್, ಅಂದರೆ 40 ಫ್ಯಾರನ್‌ಹೀಟ್ ಒಳಗೇ ಇರಬೇಕು. ಜುಲೈ ತಿಂಗಳ ಬಿಸಿಲಲ್ಲಿ ಐಸ್ ಪ್ಯಾಕ್ ಪೂರ್ತಿ ಕರಗಿ, ಮುಟ್ಟಿದರೆ ಬೆಚ್ಚಗಿದ್ದರೆ ಫೋಟೋ ತೆಗೆದು ಕಂಪನಿಗೆ ಕಳಿಸಿ, ದುಡ್ಡು ವಾಪಸ್ ಕೇಳಿ. ಅಯ್ಯೋ ಬಿಸಾಕಬೇಕಲ್ಲಾ ಅಂತ ಬೇಯಿಸೋಕೆ ಹೋಗಬೇಡಿ.

ಈಗ ನಮ್ಮ ಮನೇಲಿ ಕಿಟ್ ತಿಂಗಳಿಗೆ ಒಂದೋ ಎರಡೋ ವಾರ ಮಾತ್ರ, ಆಫೀಸ್ ಕೆಲಸ ಜಾಸ್ತಿ ಇರುವಾಗ. ಮಕ್ಕಳಿಗೆ ಹೊಸ ರುಚಿ, ಹನ್ನೊಂದು ವರ್ಷದ ಮಗಳು ಕಾರ್ಡ್ ನೋಡಿಕೊಂಡು ತಾನೇ ಮಾಡ್ತಾಳೆ. ಖಾರ ಮಾತ್ರ ಮೇಲಿಂದ ನಾವೇ ಹಾಕ್ಕೋಬೇಕು. ಉಳಿದ ವಾರಗಳಿಗೆ ಇಂಡಿಯನ್ ಅಂಗಡಿಯ ದೋಸೆ ಹಿಟ್ಟು, ಫ್ರೋಜನ್ ತೆಂಗಿನ ತುರಿ, ಆ ಆ್ಯಪಿನ ಪಟ್ಟಿ.

ನೀವೂ ಹೀಗೆ ಬಿಟ್ಟು ಬಿಟ್ಟು ತರಿಸೋದಾದರೆ ಒಂದು ಕೆಲಸ ಮಾಡಿ. ಸೇರಿದ ದಿನವೇ "ಸ್ಕಿಪ್" ಗುಂಡಿ ಎಲ್ಲಿದೆ ನೋಡಿಟ್ಟುಕೊಂಡು ಮುಂದಿನ ನಾಲ್ಕು ವಾರ ಸ್ಕಿಪ್ ಮಾಡಿಬಿಡಿ. ಸಾಮಾನ್ಯವಾಗಿ ಡಬ್ಬ ಬರೋಕೆ ಹಲವು ದಿನ ಮುಂಚೆಯೇ ಸ್ಕಿಪ್ ಮಾಡೋ ಗಡುವು ಮುಗಿದಿರುತ್ತೆ. ನಾವೊಮ್ಮೆ ಮರೆತು ಊರಿಗೆ ಹೊರಟೆವು. ಡಬ್ಬ ಪಕ್ಕದ ಮನೆಯವರ ಪಾಲಾಯಿತು, ಅವರು ಚೆನ್ನಾಗಿತ್ತು ಅಂದರು.